ಶಾಂತಾಬಾಯಿ ಹೇಳಿದ ಒಂಬತ್ತು ಹುಡುಗಿಯರು

ಕೊರೊನಾ ಕಳೆದು ಕಾಲೇಜುಗಳು ಪೂರ್ತಿ ತೆರೆದ ಮರುವರ್ಷದ ಮಾತು. ನಾನಾಗ ಜೇವರ್ಗಿಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಊರು ಆಳಂದ. ಅಲ್ಲಿ ಅಣ್ಣನ ಸಂಸಾರವಿದೆ. ನಾನು ಮದುವೆಯಾಗಲಿಲ್ಲ. ಜೇವರ್ಗಿಯಲ್ಲಿ ಒಂದು ಬಾಡಿಗೆ ಕೋಣೆ, ತಿದ್ದಲು ತಂದ ಉತ್ತರಪತ್ರಿಕೆಗಳು, ಇಷ್ಟೇ ನನ್ನ ಬದುಕು. ಕಾಲೇಜಿಗೆ ರಜೆಯಿದ್ದರೆ ಒಂದು ಮಾತೂ ಆಡದೆ ದಿನ ಕಳೆದುಹೋಗುತ್ತಿತ್ತು.

ಆ ವರ್ಷ ನಮ್ಮ ಬಿ.ಎ. ಕೊನೆಯ ಸೆಮಿಸ್ಟರಿಗೆ ಸ್ವತಂತ್ರ ಸಂಶೋಧನಾ ಪ್ರಾಜೆಕ್ಟ್ ಬಂತು. ವಿದ್ಯಾರ್ಥಿ ತಾನೇ ವಿಷಯ ಆರಿಸಿ, ಓಡಾಡಿ ಮಾಹಿತಿ ಕೂಡಿಸಿ, ಬರೆದು ಒಪ್ಪಿಸಬೇಕು. ಆಮೇಲೆ ವೈವಾ, ಅಂದರೆ ಹೊರಗಿನ ಪರೀಕ್ಷಕರ ಎದುರು ಕೂತು ತನ್ನ ಕೆಲಸವನ್ನು ಬಾಯಲ್ಲಿ ಸಮರ್ಥಿಸಿಕೊಳ್ಳಬೇಕು. ಬಹಳ ಮಂದಿ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಹೆಸರು ಬದಲಿಸಿ ತಂದರು.

ಇಜೇರಿಯ ಸಾವಿತ್ರಿ ಹಾಗಿರಲಿಲ್ಲ. ಅವಳು ಹುಡುಗಿಯರ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಮೊದಲು ಅಡುಗೆ ಮಾಡುತ್ತಿದ್ದ ಶಾಂತಾಬಾಯಿ ಎಂಬ ಮುದುಕಿ ಸಂಜೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದಳು. ತನ್ನ ಕೈಯಲ್ಲಿ ಉಂಡ ಹುಡುಗಿಯರು ಎಲ್ಲೆಲ್ಲಿ ಏನೇನಾಗಿದ್ದಾರೆ ಎಂದು ಹೇಳುತ್ತಿದ್ದಳು. ಒಬ್ಬಳು ತಹಶೀಲ್ದಾರ, ಒಬ್ಬಳು ಪುಣೆಯಲ್ಲಿ ನರ್ಸ್. ಪಂಚಮಿಗೆ ಎಲ್ಲರೂ ತಪ್ಪದೆ ಫೋನ್ ಮಾಡುತ್ತಾರೆ. ಅಂಥ ಒಂಬತ್ತು ಹುಡುಗಿಯರ ಬದುಕನ್ನೇ ಸಾವಿತ್ರಿ ವಿಷಯವಾಗಿ ಆರಿಸಿಕೊಂಡಳು. ಗೈಡ್ ಆಗಿ ನಾನು ಸಂತೋಷದಿಂದ ಸಹಿ ಹಾಕಿದೆ.

ಎರಡು ತಿಂಗಳ ನಂತರ ಅವಳು ಸ್ಟಾಫ್ ರೂಮಿಗೆ ಬಂದು ನೋಟುಬುಕ್ಕನ್ನು ಮೇಜಿನ ಮೇಲೆ ಕುಕ್ಕಿದಳು.

"ಆಕಿ ನನಗ ಸುಳ್ಳು ಹೇಳ್ಯಾಳ್ರಿ ಮೇಡಂ. ನಾ ಎರಡು ತಿಂಗಳು ಬರೀ ಸುಳ್ಳ ಬರಕೊಂಡೀನಿ."

ಹಳೆಯ ರಿಜಿಸ್ಟರಿನಲ್ಲಿ ಒಂಬತ್ತೂ ಹೆಸರುಗಳಿದ್ದವು. ಅವರಲ್ಲಿ ನಾಲ್ವರನ್ನು ಅವಳು ಹುಡುಕಿ ಕಂಡಿದ್ದಳು. ತಹಶೀಲ್ದಾರಳೆಂದು ಶಾಂತಾಬಾಯಿ ಹೇಳಿದ್ದ ಹುಡುಗಿ ಅಂದೋಲಾದಲ್ಲಿ ಅಂಗನವಾಡಿ ನಡೆಸುತ್ತಿದ್ದಳು. ಪುಣೆಯ ನರ್ಸ್ ಅಫಜಲಪುರದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ನಾಲ್ವರಲ್ಲಿ ಯಾರೂ ಶಾಂತಾಬಾಯಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. "ಅಡಗಿ ಆಯಿ ಒಬ್ಬಾಕಿ ಇದ್ಲು ಅನಸ್ತದ, ಹೆಸರು ನೆನಪಿಲ್ರಿ" ಎಂದಿದ್ದಳು ಅಂಗನವಾಡಿಯವಳು.

ಒಪ್ಪಿಸಲು ಐದು ವಾರವಿತ್ತು. ಹೊಸ ವಿಷಯಕ್ಕೆ ಸಮಯವಿರಲಿಲ್ಲ; ಬಿಟ್ಟರೆ ಅವಳ ಪದವಿಯೇ ಒಂದು ವರ್ಷ ಮುಂದೆ ಹೋಗುತ್ತಿತ್ತು. ವಿಧಾನದ ಟಿಪ್ಪಣಿಯೊಂದಿಗೆ ಸೃಜನಶೀಲ ಬರಹವನ್ನೂ ಒಪ್ಪಿಸಬಹುದೆಂದು ನಿಯಮದಲ್ಲಿ ಒಂದು ಸಾಲಿತ್ತು. "ಹಂಗಾರ ಕಥಿ ಬರಿ" ಎಂದೆ. ಇದರಲ್ಲಿ ನನ್ನ ದೊಡ್ಡತನವೇನಿಲ್ಲ. ಬೇರೆ ದಾರಿ ಹೊಳೆಯಲಿಲ್ಲ.

ಹತ್ತು ದಿನದಲ್ಲಿ ಕಥೆ ತಂದಳು. ಅದರಲ್ಲಿ ಅಡುಗೆಯವಳ ಸುಳ್ಳು ಬಯಲಾಗುತ್ತದೆ, ಹುಡುಗಿಯರು ನಗುತ್ತಾರೆ. ಭಾಷೆಯಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. ಆದರೂ ಓದಿ ಮುಗಿಸಿದಾಗ ನನಗೆ ಸಂಕಟವಾಯಿತು.

"ಆಕಿ ಯಾಕ ಸುಳ್ಳು ಹೇಳಿದ್ಲು ಅನ್ನೋದು ಇದರಾಗ ಇಲ್ಲಲ್ಲ, ಸಾವಿತ್ರಿ."

"ಅದು ನನಗ ಗೊತ್ತಿಲ್ರಿ."

"ಗೊತ್ತಿಲ್ಲದ್ದಕ್ಕ ಹೋಗೋದನ್ನೇ ಸಂಶೋಧನಾ ಅಂತಾರವಾ."

ಸಿಟ್ಟಿನಿಂದಲೇ ಹೋದಳು. ಈ ಸಲ ನೋಟುಬುಕ್ಕು ಒಯ್ಯಲಿಲ್ಲ. ಶಾಂತಾಬಾಯಿ ತನ್ನ ಕೋಣೆಯಲ್ಲಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತಳು. ಹುಡುಗಿಯರು ಈಗ ಎಲ್ಲಿದ್ದಾರೆಂದು ಕೇಳದೆ, ಆಗ ಹೇಗಿದ್ದರೆಂದು ಕೇಳಿದಳು. ಮುದುಕಿ ರೊಟ್ಟಿ ಮಗುಚುತ್ತಾ ಹೇಳುತ್ತಲೇ ಹೋದಳು. ಒಬ್ಬಳು ಕಾಮಾಲೆಯಾಗಿ ಮಲಗಿದಾಗ ವಾರವಿಡೀ ಗಂಜಿ ಕುಡಿಸಿದ್ದು. ಒಬ್ಬಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಉಣ್ಣುತ್ತಿದ್ದದ್ದು. ಅಫಜಲಪುರದವಳಿಗೆ ಬದನೆಕಾಯಿ ಸೇರದೆ ಅವಳಿಗೊಂದೇ ಬೇರೆ ಸಾರು ತೆಗೆದಿಡುತ್ತಿದ್ದದ್ದು.

ಸಾವಿತ್ರಿ ಅಫಜಲಪುರಕ್ಕೆ ಮತ್ತೆ ಫೋನ್ ಮಾಡಿ, "ಅಕ್ಕಾ, ನೀವು ಬದನಿಕಾಯಿ ಉಣ್ಣಂಗಿಲ್ಲೇನ್ರಿ?" ಎಂದು ಕೇಳಿದಳಂತೆ. ಆಕೆ ತಿರುಗಿ ಕೇಳಿದಳು, "ಯಾರು ಹೇಳಿದ್ರು ನಿಮಗ?"

ಹುಡುಗಿಯರು ಹಾಸ್ಟೆಲಿನ ಗೇಟು ದಾಟಿ ಹೋಗುವವರೆಗಿನದೆಲ್ಲ ನಿಜವಾಗಿತ್ತು. ಆಮೇಲಿನದು ಶಾಂತಾಬಾಯಿಗೆ ಗೊತ್ತೇ ಇರಲಿಲ್ಲ. ಅದನ್ನಷ್ಟೇ ಆಕೆ ಕಟ್ಟಿಕೊಂಡಿದ್ದಳು.

ಸಾವಿತ್ರಿ ಹಳೆಯ ಕಥೆ ಹರಿದು ಹೊಸದು ಬರೆದಳು. ಮಾಹಿತಿ ಕೊಟ್ಟವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯುವುದು ಸಂಶೋಧನೆಯ ಕಟ್ಟುಪಾಡು. ಅದಕ್ಕಾಗಿ ಶಾಂತಾಬಾಯಿಯ ಮನೆಗೆ ನಾನೂ ಜೊತೆಗೆ ಹೋದೆ. ಜೇವರ್ಗಿಯಲ್ಲಿ ಅಷ್ಟು ವರ್ಷವಿದ್ದೂ ಒಬ್ಬರ ಮನೆಗೆ ಹೋಗಿ ಚಹಾ ಕುಡಿದದ್ದು ಎಷ್ಟು ದಿನದ ಮೇಲೆ ಎಂದು ಎಣಿಸಲು ಹೋಗಿ ಸುಮ್ಮನಾದೆ. ಒಂದೇ ಕೋಣೆ. ಒಂದು ಗೋಡೆಗೆ ಹೊರಸು, ಇನ್ನೊಂದಕ್ಕೆ ಒಲೆ. ಸಾವಿತ್ರಿ ಒಂದು ತಾಸು ಓದಿದಳು. ಶಾಂತಾಬಾಯಿ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಹಂಗಾರ ನೀ ಅವರ ಕಡೆ ಹೋಗಿ ಬಂದೀದಿ."

"ಹೌದಾಯಿ. ನಾಕ ಮಂದಿ ಸಿಕ್ರು."

"ಯಾರರೆ ನನ್ನ ಕೇಳಿದ್ರೇನು?"

ಸಾವಿತ್ರಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಬದನಿಕಾಯಿ ಮಾತು ಬಂದಾಗ ಅಫಜಲಪುರದಾಕಿ ಕೇಳಿದ್ಲು" ಎಂದಳು ಹುಡುಗಿ, "ಯಾರು ಹೇಳಿದ್ರು ಅಂತ."

ಮುದುಕಿ ತಲೆಯಾಡಿಸಿದಳು. ಸುಳ್ಳು ಸಿಕ್ಕಿಬಿದ್ದದ್ದಕ್ಕೆ ನಾಚಿದಂತೆ ಕಾಣಲಿಲ್ಲ. ಆಮೇಲೆ ಕೇಳಿದಳು: "ಇದರಾಗ ಅಡಗಿ ಮಾಡಾಕಿ ಹೆಸರು ಏನಂದಿ?"

"ಕಾಶಮ್ಮ ಅಂತ. ಖರೇ ಹೆಸರು ಹಾಕಬಾರದು ಅಂತ ನಿಯಮ ಅದ ಆಯಿ."

"ಕಾಶಮ್ಮ ಯಾವಾಕಿ ಬೇ? ಗಂಜಿ ಕುಡಿಸಿದಾಕಿ ನಾ. ಕಥಿ ಸುಳ್ಳಿದ್ರೂ ಇರಲಿ, ಹೆಸರು ನಂದೇ ಹಾಕು. ಯಾರರೆ ಓದಿದ್ರ, ಇಕಿ ನಮ್ಮ ಶಾಂತಾಬಾಯಿ ಅಂತ ಗುರ್ತ ಹಿಡಿತಾರ."

ನಾನೇ ಒಪ್ಪಿಗೆಪತ್ರ ಬರೆದು ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡೆ.

ವೈವಾದಲ್ಲಿ ಪರೀಕ್ಷಕರು ಅಲ್ಲಿಗೇ ಕೈಯಿಟ್ಟರು. "ಹೆಸರು ಯಾಕೆ ಬದಲಿಸಿಲ್ಲ? ಮತ್ತೆ, ಕಥೆಯಲ್ಲಿ ಸಂಶೋಧನೆ ಎಲ್ಲಿದೆ?"

ಸಾವಿತ್ರಿ ಹೇಳಿದಳು: "ರಿಜಿಸ್ಟರಿನಾಗ ಹುಡುಗಿಯರ ಹೆಸರು, ಊರು, ಜಾತಿ ಅದ ಸರ್. ಯಾರು ಏನು ಉಣ್ತಿದ್ದಿಲ್ಲ ಅನ್ನೋದು ಎಲ್ಲೂ ಬರದಿಲ್ಲ. ಅದನ್ನ ನೆನಪಿಟ್ಟಾಕಿ ಒಬ್ಬಾಕೇ ಇದ್ಲು. ಆಕಿ ಹೆಸರೂ ನಾನೇ ಅಳಿಸಿದ್ರ ಹೆಂಗ್ರಿ?"

ಅವರು ಅಂಕ ಬರೆದರು. ಉತ್ತಮ ಪ್ರಾಜೆಕ್ಟ್ ಎಂಬ ಮನ್ನಣೆ ಬೇರೊಬ್ಬರ ಒಂದು ಸಮೀಕ್ಷೆಗೆ ಹೋಯಿತು. ಸಾವಿತ್ರಿ ಪಾಸಾದಳು. ಈಗ ಕಲಬುರಗಿಯಲ್ಲಿ ಬಿ.ಎಡ್. ಮುಗಿಸಿದ್ದಾಳೆ.

ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ ಹೋಯಿತು, ಇನ್ನೊಂದನ್ನು ನಾನು ಅಫಜಲಪುರದವಳಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ನಿವೃತ್ತಿಯಾಗುವವರೆಗೂ ಆಗಾಗ ಶಾಂತಾಬಾಯಿಯ ಕೋಣೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಆಕೆಯದು ಒಂದೇ ಪ್ರಶ್ನೆ: "ಯಾರರೆ ಓದ್ಯಾರೇನ್ರಿ ಬಾಯಾರ?" ಗ್ರಂಥಾಲಯದ ಆ ಪುಸ್ತಕದ ಚೀಟಿಯ ಮೇಲೆ ಎರವಲಿನ ಒಂದು ಮುದ್ರೆಯೂ ಬಿದ್ದಿರಲಿಲ್ಲ. "ಓದಾಕತ್ತಾರ" ಎನ್ನುತ್ತಿದ್ದೆ.

ಮಾಹಿತಿ ಸುಳ್ಳೆಂದು ಗೊತ್ತಾದ ಕೂಡಲೆ ಅದನ್ನು ಕಸದ ಬುಟ್ಟಿಗೆ ಹಾಕಬೇಕೆಂದು ನಾನು ವರ್ಷಗಟ್ಟಲೆ ಪಾಠ ಹೇಳಿದವಳು. ಹಾಕುವ ಮೊದಲು ಇನ್ನೊಂದು ಸಲ ಹೋಗಿ, ಹೇಳಿದವರ ಹತ್ತಿರ ಸುಮ್ಮನೆ ಕೂತು ಬರಬೇಕೆಂದು ಕಲಿತದ್ದು ಮಾತ್ರ ನೌಕರಿ ಮುಗಿಯುತ್ತ ಬಂದಾಗ.