ಪಾಳುಮನೆಯಲ್ಲಿ ಮುರಿದ ಕೈ

ಲಿಂಗಸುಗೂರಿನ ನನ್ನ ಸ್ಟುಡಿಯೋಕ್ಕೆ ಹೈದರಾಬಾದಿನಿಂದ ಹೊಸ ಕ್ಯಾಮೆರಾ ಬಂದದ್ದು ಐವತ್ತೆರಡರ ಬೇಸಿಗೆಯಲ್ಲಿ. ಮಡಚಿದರೆ ಕೋಟಿನ ಜೇಬಿಗೆ ಹಿಡಿಸುತ್ತಿತ್ತು. ತೆರೆದರೆ ಕಪ್ಪು ಚರ್ಮದ ತಿದಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಅದುವರೆಗೆ ನಾನು ತೆಗೆದದ್ದೆಲ್ಲ ಪರದೆಯ ಮುಂದೆ ಉಸಿರು ಹಿಡಿದು ಕೂತ ಮದುಮಕ್ಕಳನ್ನು. ಹೊಸ ಲೆನ್ಸು ನೆರಳಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಿತ್ತು.

ಬಳಗಾನೂರಿನ ಹಾದಿಯ ಒಂದು ಸಣ್ಣ ಹಳ್ಳಿಯಲ್ಲಿ ಪಾಳುಮನೆಯಿತ್ತು. ನಲವತ್ತೆಂಟರಲ್ಲಿ ನಿಜಾಮನ ರಾಜ್ಯ ಬಿದ್ದಾಗಿನ ಗಲಾಟೆಯಲ್ಲಿ ಅದಕ್ಕೆ ಬೆಂಕಿ ಬಿದ್ದು, ಮನೆಯವರು ಊರು ಬಿಟ್ಟಿದ್ದರು. ಅವರು ಯಾರು, ಎಲ್ಲಿ ಹೋದರು ಎಂದು ನಾನು ಕೇಳಿದವನಲ್ಲ. ಮಾಳಿಗೆ ಬಿದ್ದ ಪಡಸಾಲೆಗೆ ಬೆಳಕು ಚೆನ್ನಾಗಿ ಇಳಿಯುತ್ತದೆ ಎಂದಷ್ಟೇ ಗೊತ್ತಿತ್ತು.

ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಗೆಳೆಯನ ಸೈಕಲ್ಲು. ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು ನಿಲ್ಲಿಸಿ, ಸುಟ್ಟ ಕಂಬಗಳ ಮೂರು ಚಿತ್ರ ತೆಗೆದೆ. ನಾಲ್ಕನೆಯದಕ್ಕೆ ಬಗ್ಗಿದಾಗ ಕಲ್ಲು ಬಂದು ಹುಬ್ಬು ಒಡೆಯಿತು. ಎರಡನೆಯ ಕಲ್ಲಿಗೆ ಕ್ಯಾಮೆರಾದ ತಿದಿ ಹರಿಯಿತು. ಬಾಗಿಲಲ್ಲಿ ನನ್ನದೇ ವಯಸ್ಸಿನ ಒಬ್ಬ ನಿಂತಿದ್ದ, ಕೈಯಲ್ಲಿ ಇನ್ನೊಂದು ಕಲ್ಲು.

"ಇನ್ನೂ ಏನ್ ಉಳದೈತಂತ ಬಂದೀ ಲೇ, ಕಳ್ಳಾ?"

ಹರಿದ ತಿದಿ ಕಂಡು ನನ್ನ ತಲೆ ಕೆಟ್ಟಿತು. ಸ್ಟ್ಯಾಂಡನ್ನೇ ಎತ್ತಿಕೊಂಡು ಓಡಿಹೋಗಿ ಬೀಸಿದೆ. ತಡೆಯಲು ಎತ್ತಿದ ಅವನ ಬಲಗೈಗೆ ಬಿತ್ತು. ಒಣ ಜೋಳದ ದಂಟು ಮುರಿದಂಥ ಸಪ್ಪಳ. ಅವನು ನೆಲಕ್ಕುರುಳಿದ. ಬಿದ್ದ ಮೇಲೂ ಎರಡು ಸಲ ಹೊಡೆದೆ. ಒಂದೇ ಏಟು ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ.

"ಹೊಡೀಬ್ಯಾಡೋ, ಇದು ನಮ್ಮ ಮನಿ," ಎಂದು ಅವನು ಚೀರಿದ. "ನಮ್ಮವ್ವ ಇಲ್ಲೇ ಸತ್ತಾಳ."

ನನ್ನ ಪಂಚೆ ಹರಿದು ಅವನ ಕೈ ಕಟ್ಟಿದೆ. ಹಾದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿ ನಿಲ್ಲಿಸಿ ಅವನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡೆ. ಅವನೀಗ ಸಿಂಧನೂರಿನಲ್ಲಿ ಹಮಾಲಿ ಮಾಡುತ್ತಿದ್ದನಂತೆ, ಮನೆ ನೋಡಲು ವರ್ಷಕ್ಕೊಮ್ಮೆ ಬರುತ್ತಿದ್ದನಂತೆ.

"ಫೋಟೋ ಯಾಕ ತಗೀತಿದ್ದಿ?"

"ಹೊಸ ಕ್ಯಾಮೆರಾ. ಹೆಂಗೈತಿ ಅಂತ ನೋಡಾಕ."

ನೋವಿನಲ್ಲೂ ಅವನು ನನ್ನ ಮುಖವನ್ನೇ ನೋಡಿದ. "ಬರೇ ಅದಕ್ಕ?" ಎಂದ. ಮಸ್ಕಿಯಲ್ಲಿ ಬಸ್ಸು ಹತ್ತುವಾಗ ನಾನು ಚಾಚಿದ ಕೈ ಹಿಡಿಯದೆ ತಾನೇ ಹತ್ತಿದ.

ಲಿಂಗಸುಗೂರಿನ ದವಾಖಾನೆಯಲ್ಲಿ ಪೊಲೀಸಿನವನೊಬ್ಬ ನನ್ನ ಹುಬ್ಬು, ಅವನ ಕೈ ಎರಡನ್ನೂ ನೋಡಿ, "ಯಾರು ಹೊಡದ್ರು?" ಎಂದು ಕೇಳಿದ.

"ಯಾರೂ ಇಲ್ರಿ, ಸಾಹೇಬ್ರ. ಹಳೇ ಗ್ವಾಡಿ, ಇಬ್ಬರ ಮ್ಯಾಲೂ ಬಿತ್ತು," ಎಂದ ಅವನು.

ನನಗೆ ಜೀವ ಬಂದಂತಾಯಿತು. ಪೊಲೀಸಿನವನು ಹೋದ ಮೇಲೆ ಕೈ ಮುಗಿಯಲು ಹೋದೆ. ಅವನು ಮುಖ ತಿರುಗಿಸಿದ.

"ನಿನ್ನ ಸಲುವಾಗಿ ಹೇಳಿಲ್ಲ. ಪಂಚನಾಮಿಗೆ ಆ ಊರವ್ರು ಬರ್ತಾರ, ಮನಿಗೆ ಬೆಂಕಿ ಹಚ್ಚಿದವ್ರು. ಅವ್ರ ಮಾರಿ ನೋಡೂದು ನನಗ ಬ್ಯಾಡ."

ನಾಚಿಕೆ ಬಂದದ್ದು ಮರುದಿನ, ಒಬ್ಬನೇ ಕೂತು ಸ್ಟ್ಯಾಂಡಿನ ಕಾಲಿಗೆ ಅಂಟಿದ ರಕ್ತ ತೊಳೆಯುವಾಗ.

ಮರುವರ್ಷ ಸಿಂಧನೂರಿನ ಪೇಟೆಯಲ್ಲಿ ಅವನನ್ನು ಕಂಡೆ. ಮೂಳೆ ಸೊಟ್ಟಗೆ ಕೂಡಿತ್ತು. ಹತ್ತಿಯ ಮೂಟೆಯನ್ನು ಎಡ ಹೆಗಲಿಗೆ ಏರಿಸಿಕೊಳ್ಳುತ್ತಿದ್ದ. ಕೂಗಿ ಕರೆದೆ. ತಿರುಗಿ ನೋಡಿದ, ಗುರುತು ಹಿಡಿದ, ಮೂಟೆ ಹೊತ್ತು ನಡೆದುಬಿಟ್ಟ.