ಎಡಗಣ್ಣಿನ ಅಂಚಿನ ಗೆರೆ

ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಧಾರವಾಡದಿಂದ ಸೂರತ್‌ಗೆ ಬಂದಿದ್ದೆವು. ಒಂದು ಸಂಜೆ ಕಣ್ಣು ಮುಚ್ಚಿ ಕುಳಿತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಬೆಳ್ಳಿಯ ಗೆರೆಯೊಂದು ಫಳಕ್ಕನೆ ಮಿಂಚಿ ಮಾಯವಾಯಿತು. ಮರುದಿನವೂ ಬಂತು. ಅವ್ವ ಹೋದ ಕಡೆಯಿಂದ ಬರುವ ಬೆಳಕು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಹೇಳುವ ಬದಲು ಆ ಗೆರೆಯನ್ನು ಕೈಯಾರೆ ಮಾಡಿ ನೋಡತೊಡಗಿದೆ. ಸೂರತ್‌ನದೇ ಪಾಂಡೇಸರಾ ಬಡಾವಣೆಯ ಬಟ್ಟೆ ಗಿರಣಿಗಳಿಂದ ಬಣ್ಣ ಕೆಟ್ಟ ತುಂಡುಗಳನ್ನು ತಂದು ಪ್ಲೈವುಡ್ ಹಲಗೆಗೆ ಅಂಟಿಸಿ, ಅವ್ವನ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಮೇಲೆ ಕೂರಿಸಿ, ಅಂಚಿಗೆ ಜರಿಯ ಎಳೆಯೊಂದನ್ನು ಬಾಗಿಸುತ್ತಿದ್ದೆ. ಬರುಬರುತ್ತಾ ಕಣ್ಣೆದುರು ಕಪ್ಪು ಚುಕ್ಕೆಗಳೂ ತೇಲತೊಡಗಿದವು. ಅವಕ್ಕೆ ಕಪ್ಪು ದಾರದ ಗಂಟು ಹಾಕಿದೆ. ನನಗೂ ಕರೆ ಬಂದಿದೆಯೇನೋ ಎಂಬ ದಿಗಿಲು ಒಳಗೇ ಕೊರೆಯುತ್ತಿತ್ತು.

ವಡೋದರಾದ ಪ್ರದರ್ಶನವೊಂದರಲ್ಲಿ ನನ್ನ ನಾಲ್ಕು ಹಲಗೆಗಳಿಗೆ ಜಾಗ ಸಿಕ್ಕಿತು. ಮೊದಲ ದಿನವೇ ಹೆಂಗಸೊಬ್ಬರು ಅವುಗಳ ಮುಂದೆ ಬಹಳ ಹೊತ್ತು ನಿಂತರು. ಅಹಮದಾಬಾದಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಎಂದು ಪರಿಚಯ ಹೇಳಿಕೊಂಡು ಹಿಂದಿಯಲ್ಲಿ ಕೇಳಿದರು:

“ಬೆಹನ್‌ಜೀ, ಇದು ಕಲ್ಪನೆಯಾ, ನಿಜವಾಗಿ ಕಾಣುತ್ತಾ?”

“ಕಾಣುತ್ತೆ.”

“ಚುಕ್ಕೆಗಳು ಜಾಸ್ತಿಯಾಗಿವೆಯಾ?”

“ಈ ವಾರ ಜಾಸ್ತಿ.”

“ಹಾಗಾದರೆ ಇಲ್ಲಿ ನಿಲ್ಲಬೇಡಿ. ಇವತ್ತೇ ತೋರಿಸಿ.”

ಮೊದಲು ಸಿಟ್ಟು ಬಂತು. ಆಮೇಲೆ ಜೊತೆಗೆ ಬಂದಿದ್ದ ಗಂಡನನ್ನು ಕರೆದೆ. ನರ್ಸೇ ತಮ್ಮ ಆಸ್ಪತ್ರೆಗೆ ಫೋನ್ ಮಾಡಿದರು. ಅಹಮದಾಬಾದ್ ತಲುಪುವವರೆಗೂ ನಾನು ಕಾರಿನಲ್ಲಿ ಬಲಗಣ್ಣು ಮುಚ್ಚಿಕೊಂಡು ಮುಂದಿನ ಲಾರಿಗಳ ನಂಬರ್ ಓದುತ್ತಿದ್ದೆ.

“ಇಷ್ಟ ದಿನ ನನಗ್ಯಾಕ ಹೇಳಲಿಲ್ಲ?” ಎಂದರು ಗಂಡ.

“ಅವ್ವ ಅಂದ್ಕೊಂಡಿದ್ದೆ.”

ಅವರು ಕಾರಿನ ವೇಗ ಹೆಚ್ಚಿಸಿದರು.

ಎಡಗಣ್ಣಿನ ಹಿಂಬದಿಯ ಪದರ, ರೆಟಿನಾ, ಅಂಚಿನಲ್ಲಿ ಹರಿದಿತ್ತು. ತಡ ಮಾಡಿದ್ದರೆ ದೃಷ್ಟಿಯೇ ಹೋಗಬಹುದಿತ್ತು ಎಂದ ಡಾಕ್ಟರು ಅಂದೇ ಲೇಸರ್ ಹಾಕಿದರು. ಹಸಿರು ಬೆಳಕು ಬಡಿದಾಗಲೆಲ್ಲ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದೆ.

ಕೆಲವು ವಾರಗಳಲ್ಲಿ ಗೆರೆ ಬರುವುದು ನಿಂತಿತು. ಕಣ್ಣು ಉಳಿಯಿತೆಂಬ ಸಮಾಧಾನದ ಜೊತೆಗೇ ಅವ್ವ ಇನ್ನೊಮ್ಮೆ ಹೋದಂತಾಗಿ ಬಚ್ಚಲುಮನೆಯಲ್ಲಿ ಅತ್ತುಬಿಟ್ಟೆ.

ಈಚೆಗೆ ಹೊಸ ಹಲಗೆಯ ಮೇಲೆ ನೀಲಿ ಸುಳಿಯೊಂದನ್ನು ಅಂಟಿಸುತ್ತಿದ್ದಾಗ ಗಂಡ ಹಿಂದೆ ಬಂದು ನಿಂತರು.

“ಇದು ಖರೇನ ಕಾಣಸ್ತದೋ, ಮನಸ್ನ್ಯಾಗಿಂದೋ?”

“ಮನಸ್ನ್ಯಾಗಿಂದು,” ಎಂದೆ. ಆದರೆ ಖಾತ್ರಿ ಇರಲಿಲ್ಲ.

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಹನಿ ಹಾಕಿ, ದೀಪ ಹಿಡಿದು ನೋಡಿ, ಏನೂ ತೊಂದರೆಯಿಲ್ಲ ಎಂದರು. ಮನೆಗೆ ಬಂದು, ಕಣ್ಣಿನ ಮಸುಕು ಇಳಿಯುವವರೆಗೆ ಕಾದು, ಅಂಟು ಕಲಸಿಕೊಂಡು ಕುಳಿತೆ.