ಮಂಡಿ ಅತ್ತೆಯದು

ಲಿಂಗಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂತ ಅತ್ತೆ ಅಂದು ಏಳಲಿಲ್ಲ. ಎಡ ಅಂಗೈಯಲ್ಲಿ ಲಿಂಗ. ಬಲಗೈ ನೆಲಕ್ಕೆ ಊರಿ ಮತ್ತೆ ಮತ್ತೆ ಪ್ರಯತ್ನಿಸಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ನಾನೂ ಯಜಮಾನರೂ ತೋಳು ಹಿಡಿದು ಎತ್ತಿದೆವು.

ಅವರಿಗೆ ಎಂಬತ್ತಾರು.

ದೋಣಿಗಲ್ ದಾಟಿ, ಘಾಟಿ ಇಳಿದು ಮಂಗಳೂರಿಗೆ ಹೋದೆವು. ಮಂಡಿಯ ಕಾರ್ಟಿಲೇಜ್ ಪೂರ್ತಿ ಸವೆದಿದೆ, ನೀ ರೀಪ್ಲೇಸ್‌ಮೆಂಟ್, ಅಂದರೆ ಮಂಡಿ ಬದಲಿಸುವ ಆಪರೇಶನ್ ಮಾಡಬಹುದು, ಆದರೆ ಈ ವಯಸ್ಸಿಗೆ ಯೋಚಿಸಿ, ಆಮೇಲೆ ನೆಲದ ಮೇಲೆ ಕೂರುವಂತಿಲ್ಲ ಎಂದರು ಡಾಕ್ಟರು. ಎಲ್ಲವನ್ನೂ ಯಜಮಾನರಿಗೇ ಹೇಳಿದರು, ಇಂಗ್ಲಿಷಿನಲ್ಲಿ. ಅತ್ತೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಂಡಿಯನ್ನೇ ನೋಡುತ್ತಿದ್ದರು.

"ಏನಂದ್ರಪ್ಪ?"

"ಮಾತ್ರೆ ಬರ್ಕೊಟ್ಟವ್ರೆ ಕಣವ್ವ," ಎಂದರು ಯಜಮಾನರು.

ಅಷ್ಟೇ.

ಬೆಳಗೋಡಿನ ಮನೆ ಸೇರಿದ ಮೇಲೆ ಭಾವ ತೀರ್ಪು ಕೊಟ್ಟರು. "ನೆಲದ್ ಮೇಲೆ ಕೂರಂಗಿಲ್ಲ ಅಂದ್ರೆ ಅವ್ವನ ಪೂಜೆ ಗತಿ ಏನು? ಬ್ಯಾಡ ಬುಡು." ಯಜಮಾನರು ತಲೆಯಾಡಿಸಿದರು. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ಯಾರೂ ಎದ್ದು ಹೋಗಿ ಕೇಳಲಿಲ್ಲ.

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ದನಿ ಎತ್ತದಿರುವುದನ್ನು ಬಹಳ ಚೆನ್ನಾಗಿ ಕಲಿಸಿದ್ದರು. ಕೋಪ ಬಂದರೆ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತೇನೆ. ಅಂದು ಅದೂ ಸಾಲಲಿಲ್ಲ. ಪೂಜೆಯ ಚಿಂತೆಯಂತೆ ಇವರಿಗೆ! ದಿನಾ ಅತ್ತೆಯನ್ನು ಹಿತ್ತಲಿನ ಕಕ್ಕಸಿಗೆ ಕರೆದೊಯ್ದು, ಕುಕ್ಕರಗಾಲಲ್ಲಿ ಕೂರಿಸಿ, ಮುಖ ಅತ್ತ ತಿರುಗಿಸಿ ಅವರನ್ನು ಹಿಡಿದು ನಿಲ್ಲುತ್ತಿದ್ದವಳು ನಾನು. ನಾಚಿಕೆಗೆ ಅವರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ತುಟಿ ಒಡೆದಿತ್ತು. ಗಂಡುಮಕ್ಕಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಡಾಕ್ಟರು ಅಂದದ್ದನ್ನೆಲ್ಲ ನಾನೇ ಅತ್ತೆಗೆ ಹೇಳಿದೆ.

"ಪೂಜೆ ಕುರ್ಚಿ ಮ್ಯಾಲೂ ಆಯ್ತದೆ. ಶಿವ ಏನು ಮಂಡಿ ನೋಡ್ತಾನಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಕಕ್ಕಸಿಗೆ ನಾನೊಬ್ಳೇ ಹೋಗ್ಬೇಕು ಕಣವ್ವ. ಇನ್ನೇನೂ ಬ್ಯಾಡ."

ಹಟ ಹಿಡಿದು ಮತ್ತೆ ಮಂಗಳೂರಿಗೆ ಹೊರಡಿಸಿದೆ. "ಡಾಕ್ಟ್ರೇ, ಅವರಿಗೇ ಹೇಳಿ, ಕನ್ನಡದಲ್ಲಿ," ಎಂದೆ. ದನಿ ಸ್ವಲ್ಪ ಎತ್ತರಕ್ಕೇ ಹೋಯಿತು. ಯಜಮಾನರು ಬೆಚ್ಚಿ ನನ್ನತ್ತ ನೋಡಿದರು. ನೋಡಲಿ.

ಡಾಕ್ಟರು ಕುರ್ಚಿ ಎಳೆದು ಅತ್ತೆಯ ಎದುರಿಗೆ ಕೂತರು. ಆಗಷ್ಟೇ ಮಾಡಿಸಿದ ಎಕೋ ರಿಪೋರ್ಟಿನಲ್ಲಿ ಹೃದಯ ದುರ್ಬಲವಿದೆ, ಅನಸ್ತೇಶಿಯ ತಡೆಯದಿರಬಹುದು ಎಂದರು.

"ಸತ್ರೆ ಸಾಯ್ತೀನಿ. ಹಾಸಿಗೆ ಹಿಡುದ್ಬುಟ್ರೆ?"

ಡಾಕ್ಟರು ರಿಪೋರ್ಟನ್ನು ಮಡಿಸಿಟ್ಟರು. "ಆಗುದಿಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಸಾಧ್ಯ ಇಲ್ಲ ಅಜ್ಜಿ."

"ಹಂಗಾರೆ ಬ್ಯಾಡ." ಅತ್ತೆ ಮಗನ ಕಡೆ ತಿರುಗಿದರು. "ಕುರ್ಚಿ ಥರ ಕೂರೋ ಕಕ್ಕಸು ಐತಂತಲ್ಲ, ಅದನ್ನ ನನ್ ಕೋಣೆ ಪಕ್ಕ ಕಟ್ಸು."

"ಅಲ್ಲಿ ದೇವ್ರ ಕೋಣೆ ಐತಲ್ಲವ್ವ!"

"ನನ್ ದೇವ್ರು ಅಂಗೈಲವ್ನೆ. ನೀನು ಗಾರೆಯವ್ರನ್ನ ಕರಿ."

ಡಾಕ್ಟರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಒಂದು ಕಮೋಡಿಗಾಗಿ ಮುದುಕಿಯೊಬ್ಬರು ಸವೆದ ಮಂಡಿ ಹೊತ್ತು ಘಾಟಿ ಇಳಿದು ಹತ್ತಬೇಕಿತ್ತೇ? ಮನೆಯಲ್ಲೇ ಯಾರಾದರೂ ಒಂದು ಮಾತು ಕೇಳಬಹುದಿತ್ತಲ್ಲ?

ನೋವು ಹೋಗಿಲ್ಲ, ಹೋಗುವುದೂ ಇಲ್ಲ. ನನ್ನ ಕೋಪವೂ ಪೂರ್ತಿ ಇಳಿದಿಲ್ಲ. ಆದರೆ ಈಗ ಅತ್ತೆ ವಾಕರ್ ಹಿಡಿದು ಹೊಸ ಕಕ್ಕಸಿಗೆ ಹೋಗುತ್ತಾರೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಮೊನ್ನೆ ಎಲ್ಲಿ ಬೀಳುತ್ತಾರೋ ಎಂಬ ಭಯಕ್ಕೆ ಬಾಗಿಲ ಹೊರಗೆ ನಿಂತಿದ್ದೆ.

"ಅಲ್ಲೇನ್ ಕಾವಲು ನಿಂತಿದೀಯ? ಹೋಗವ್ವ, ಕೆಲ್ಸ ನೋಡ್ಕೊ," ಎಂದರು ಒಳಗಿನಿಂದ.

ಹೋದೆ.